ಹಲ್ಲು ನೋಡುವ ಮಾವ ಮತ್ತು ಮ್ಯೂಸಿಯಂ ಬಸ್ಸು

ನಮ್ಮ ಸೋದರಮಾವನ ಎದುರಿಗೆ ಅಜ್ಜಂಪುರದಲ್ಲಿ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ಅವನು ಪಟೇಲನೂ ಅಲ್ಲ, ಅಮಲ್ದಾರನೂ ಅಲ್ಲ, ಸಿಟ್ಟಿನ ಮನುಷ್ಯನಂತೂ ಮೊದಲೇ ಅಲ್ಲ. ಆದರೂ ಎಂಥ ಮಾತುಗಾರನೂ ಅವನನ್ನು ಕಂಡೊಡನೆ ತುಟಿ ಬಿಗಿ ಹಿಡಿದು ‘ಹ್ಞೂಂ’, ‘ಊಹುಂ’ ಎಂಬ ಎರಡೇ ಮಾತಿನಲ್ಲಿ ವ್ಯವಹಾರ ಮುಗಿಸಿ ಜಾಗ ಖಾಲಿ ಮಾಡುತ್ತಿದ್ದ. ಯಾಕೆ ಅಂತೀರಾ? ಬಾಯಿ ತೆರೆದರೆ ಮಾವ ಹಲ್ಲು ನೋಡುತ್ತಿದ್ದ! ಹಲ್ಲು ನೋಡಿದರೆ ವಯಸ್ಸು ಹೇಳುತ್ತಿದ್ದ! ಮೆಲ್ಲಗೆ ಹೇಳುವ ಅಭ್ಯಾಸವೂ ಅವನಿಗಿರಲಿಲ್ಲ.

ಮಾವನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಯಾರೂ ಮುನಿಯಬಾರದು. ನಮ್ಮ ಕಡೆ ಸೋದರಮಾವನ ಹತ್ತಿರ ಸಲಿಗೆ ಜಾಸ್ತಿ. ಒಮ್ಮೆ, ಹೊಸದಾಗಿ ಟೀಚರ್ ಆದ ಹುರುಪಿನಲ್ಲಿ ‘ಬನ್ನಿ ಮಾವ, ಕೂತ್ಕೊಳ್ಳಿ’ ಅಂದೆ. ಮಾವ ಹಿಂದಕ್ಕೆ ತಿರುಗಿ, ತನ್ನ ಜೊತೆ ಇನ್ನು ಯಾರು ಬಂದರೆಂದು ನೋಡಿದ!

ಅಜ್ಜಂಪುರ ಎಂದರೆ ಅಮೃತಮಹಲ್ ದನಗಳ ಸೀಮೆ. ಮಾವ ಹುಟ್ಟಿದ್ದು ಯಗಟಿ ಕಡೆಯಾದರೂ ಬೆಳೆದದ್ದು ಆ ದನಗಳ ನಡುವೆ. ಸಂತೆಗೆ ಹೋಗುವಾಗ ದನ ಕೊಳ್ಳುವವರೂ ಮಾರುವವರೂ ಅವನನ್ನು ಕರೆಯುತ್ತಿದ್ದರು. ಅವನು ಹೋರಿಯ ಮೂಗುದಾರ ಹಿಡಿದು, ಕೆಳತುಟಿಯನ್ನು ಮೆಲ್ಲಗೆ ಇಳಿಸಿ, ಒಂದು ಗಳಿಗೆ ನೋಡಿ ‘ಎರಡು ಹಲ್ಲು’, ‘ನಾಲ್ಕು ಹಲ್ಲು’ ಎನ್ನುತ್ತಿದ್ದ. ದನಕ್ಕೆ ಹಾಲುಹಲ್ಲು ಬಿದ್ದ ಮೇಲೆ ಮುಂದಿನ ಎಂಟು ಹಲ್ಲುಗಳು ಜೋಡಿ ಜೋಡಿಯಾಗಿ ಬರುತ್ತವೆ. ಎಂಟೂ ಬಂದರೆ ‘ಬಾಯಿಗೂಡಿದೆ’ ಎನ್ನುತ್ತಾರೆ. ಆಗ ಐದು ವರ್ಷ ಅಂತ ಲೆಕ್ಕ. ಅಲ್ಲಿಂದ ಮುಂದೆ ಹಲ್ಲಿನ ಸವೆತ ನೋಡಿ ಹೇಳಬೇಕು. ಇಷ್ಟು ನಮ್ಮ ಕಡೆಯ ರೈತರಿಗೆಲ್ಲ ಗೊತ್ತು. ಮಾವನ ವಿಶೇಷವೆಂದರೆ, ಹಲ್ಲಿನ ವಿಷಯದಲ್ಲಿ ಅವನು ಸುಳ್ಳು ಹೇಳುತ್ತಿರಲಿಲ್ಲ. ಬೇರೆ ವಿಷಯಗಳಲ್ಲಿ ಧಾರಾಳವಾಗಿ ಹೇಳುತ್ತಿದ್ದ! ತಾನು ಕಂಡ ಚಿರತೆಯ ಉದ್ದ ಪ್ರತಿ ಸಲ ಹೇಳುವಾಗಲೂ ಒಂದು ಗೇಣು ಬೆಳೆಯುತ್ತಿತ್ತು. ಆದರೆ ಹಲ್ಲು? ಊಹುಂ. ಒಮ್ಮೆ ತನ್ನದೇ ಎತ್ತನ್ನು ಮಾರಲು ಸಂತೆಯಲ್ಲಿ ನಿಂತಿದ್ದಾಗ, ಕೊಳ್ಳಲು ಬಂದವನು ‘ಆರೇ ಹಲ್ಲು ಇರ್ಬೇಕು, ಅಲ್ವಾ?’ ಎಂದು ತಾನಾಗಿಯೇ ಮೋಸ ಹೋಗಲು ಸಿದ್ಧನಾದ. ‘ಬಾಯಿಗೂಡಿ ನಾಲ್ಕು ವರ್ಷ ಆಯ್ತು. ಕಣ್ಣು ಬಿಟ್ಟು ನೋಡಪ್ಪಾ!’ ಎಂದು ಅವನಿಗೇ ಬೈದು, ಎತ್ತನ್ನು ಹೊಡೆದುಕೊಂಡು ಮಾವ ಮನೆಗೆ ಬಂದ. ಮಾವನ ಹೆಂಡತಿ, ನಮ್ಮ ಅತ್ತೆ, ತಲೆ ಚಚ್ಚಿಕೊಂಡಳು. ‘ಹಲ್ಲಿನ ಮೇಲೆ ಸುಳ್ಳು ಹೇಳಿದ್ರೆ, ಆಮೇಲೆ ಈ ನಾಲಿಗೆ ಹಲ್ಲಿನ ಮಧ್ಯಾನೇ ಇರ್ಬೇಕಲ್ಲ ಕಣೇ’ ಎಂಬುದು ಅವನ ವಾದ.

ದನಗಳ ಹಲ್ಲು ನೋಡೀ ನೋಡೀ ಪಳಗಿದ ಕಣ್ಣು ಮನುಷ್ಯರ ಬಾಯಿಗೂ ಇಳಿಯಿತು. ನನ್ನನ್ನು ನೋಡಲು ಗಂಡಿನ ಕಡೆಯವರು ಕಡೂರಿನ ನಮ್ಮ ಮನೆಗೆ ಬಂದ ದಿನ, ಮಾವ ಒಂದು ಕಬ್ಬಿನ ಜಲ್ಲೆ ಹಿಡಿದುಕೊಂಡು ಬಂದಿದ್ದ. ಉಪ್ಪಿಟ್ಟು ಕೊಡುವ ಮೊದಲೇ ಗಂಡಿನ ಕೈಗೆ ಒಂದು ತುಂಡು ಕಬ್ಬು! ಪಾಪ, ಅವರು ಮರ್ಯಾದೆಗೆ ಹಲ್ಲು ಹಾಕಿ ಸಿಗಿದರು. ಮಾವ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿ, ಒಳಗೆ ಬಂದು ಹೇಳಿದ: ‘ಅವ್ರು ಇಪ್ಪತ್ತೇಳು ಅಂತವ್ರೆ. ಹಲ್ಲು ಮೂವತ್ತೊಂದು ಅಂತೈತೆ. ಮಿಕ್ಕಂಗೆ ಗಟ್ಟಿ ಆಳು, ಕೊಡಬೌದು.’ ಹೊರಗಿನ ತನಕ ಕೇಳಿಸಿತು. ಮದುವೆಯೇನೋ ಆಯಿತು. ಆರು ತಿಂಗಳ ಮೇಲೆ ಗಂಡನ ತಾಯಿ, ಮಗ ಹುಟ್ಟಿದ ವರ್ಷದ ಮಳೆಯ ಕಥೆ ಹೇಳುತ್ತಾ ಲೆಕ್ಕ ಕೊಟ್ಟರು. ಬೆರಳು ಮಡಿಸಿ ಎಣಿಸಿದೆ. ಮೂವತ್ತೊಂದು!

ಮಾವನ ಬಾಯಲ್ಲೇ ಹೊಗೆಸೊಪ್ಪಿನ ದಯದಿಂದ ಒಂದು ಹಲ್ಲೂ ಉಳಿದಿರಲಿಲ್ಲ. ನಗು ಬಂದರೆ ಟವಲ್ಲಿನ ತುದಿ ಬಾಯಿಗೆ ಹೋಗುತ್ತಿತ್ತು. ಹಲ್ಲಿದ್ದ ಕಾಲದಲ್ಲಿ ಒಂದು ದಿನ ಕ್ಷೌರದಂಗಡಿಯ ಕನ್ನಡಿ ಮುಂದೆ ಬಾಯಿ ತೆರೆದುಕೊಂಡು ನಿಂತು, ತನ್ನ ವಯಸ್ಸು ಐವತ್ತು ಎಂದು ತಾನೇ ತೀರ್ಪು ಕೊಟ್ಟುಕೊಂಡಿದ್ದ. ಆಮೇಲೆ ಪ್ರತಿ ಯುಗಾದಿಗೆ ಒಂದೊಂದು ಸೇರಿಸುತ್ತಾ ಬಂದು, ನಾನು ಹೇಳಹೊರಟಿರುವ ವರ್ಷ ಅರವತ್ನಾಲ್ಕಕ್ಕೆ ಮುಟ್ಟಿದ್ದ.

ಸೀಮೆಯ ಬಾಯೆಲ್ಲ ನೋಡಿದ ಈ ಮನುಷ್ಯ ಒಬ್ಬರ ಬಾಯಿ ಮಾತ್ರ ನೋಡಿರಲಿಲ್ಲ. ಅದು ನಮ್ಮವ್ವನದು. ಅವಳು ಅವನ ಒಡಹುಟ್ಟಿದವಳು. ಅಕ್ಕನೋ, ತಂಗಿಯೋ? ಅದೇ ನೋಡಿ ಜಗಳ!

ಅವ್ವ ಹೇಳುತ್ತಿದ್ದಳು, ‘ಇವನು ನನ್ನ ತಮ್ಮ.’ ಮಾವ ಹೇಳುತ್ತಿದ್ದ, ‘ಇವಳು ನನ್ನ ತಂಗಿ.’ ಅವರು ಮಕ್ಕಳಾಗಿದ್ದಾಗ ಪ್ಲೇಗು ಬಂದು, ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತಂತೆ. ಅಪ್ಪ ಅಮ್ಮ ಇಬ್ಬರೂ ಆ ವರ್ಷವೇ ಹೋದರು. ಅವ್ವನನ್ನು ಸಖರಾಯಪಟ್ಟಣದ ಚಿಕ್ಕಮ್ಮ ಕರೆದುಕೊಂಡು ಹೋದಳು, ಮಾವನನ್ನು ಅಜ್ಜಂಪುರದ ಸೋದರತ್ತೆ. ಹುಟ್ಟಿದ ದಿನ ಬರೆದಿಡುವ ಕಾಲ ಅದಲ್ಲ. ಬಲ್ಲವರು ಯಾರೂ ಉಳಿಯಲಿಲ್ಲ. ಉಳಿದದ್ದು ಇಬ್ಬರ ನೆನಪು, ಅದೂ ಒಂದೇ ನೆನಪು!

‘ಊರು ಬಿಟ್ಟು ಹೊಲಕ್ಕೆ ಹೋಗೋವಾಗ ನಾನು ನಿನ್ನ ಸೊಂಟದ ಮೇಲೆ ಹೊತ್ಕೊಂಡು ಹೋಗಿದ್ದೆ ಕಣೋ ತಮ್ಮಾ’ ಎಂದು ಅವ್ವ.

‘ನೀನಾ? ನಾನು ಕಣೇ ನಿನ್ನ ಹೊತ್ತಿದ್ದು! ಹೆಗಲ ಮೇಲೆ!’ ಎಂದು ಮಾವ.

‘ಹೆಗಲಂತೆ! ಮೂಗು ಒರೆಸ್ಕೊಳ್ಳೋಕೆ ಬರ್ತಿರ್ಲಿಲ್ಲ ನಿನಗೆ.’

ಹೀಗೆ ಸಾಗಿ ಸಾಗಿ ಕೊನೆಗೆ ಮಾವ ತನ್ನ ಬ್ರಹ್ಮಾಸ್ತ್ರ ತೆಗೆಯುತ್ತಿದ್ದ. ‘ಆಯ್ತು ಕಣೇ. ನಿನ್ನ ಮದುವೇಲಿ ಧಾರೆ ಎರೆದೋನು ಯಾರು? ದಿಕ್ಕಿಲ್ಲದ ಹೆಣ್ಣು, ಹಿಂದೆ ಮುಂದೆ ಕೇಳೋರಿಲ್ಲ ಅಂತ ಬೀಗರು ಮೂಗು ಮುರಿದಾಗ, ಅಣ್ಣ ಇದೀನಿ ಅಂತ ಎದ್ದು ನಿಂತೋನು ಯಾರು? ತಮ್ಮ ಆದೋನು ಧಾರೆ ಎರೀತಾನೇನೇ?’ ಅಲ್ಲಿಗೆ ಅವ್ವನ ಬಾಯಿ ಮುಚ್ಚಿಹೋಗುತ್ತಿತ್ತು. ಎದ್ದು ಒಲೆ ಊದಲು ಹೋಗುತ್ತಿದ್ದಳು, ಒಲೆ ಚೆನ್ನಾಗಿಯೇ ಉರಿಯುತ್ತಿದ್ದರೂ. ಮಾವ ಗೆದ್ದವನ ಹಾಗೆ ಟವಲು ಕೊಡವುತ್ತಿದ್ದ. ನಾವು ಮಕ್ಕಳು ಅವ್ವನ ಪಕ್ಷ. ನಮ್ಮಪ್ಪ ಯಾವ ಪಕ್ಷವೂ ಅಲ್ಲದೆ ಕೊಬ್ಬರಿ ಮಂಡಿಗೆ ಹೊರಟುಬಿಡುತ್ತಿದ್ದರು.

ಇನ್ನೊಂದು ವಿಚಿತ್ರ. ಮಾವ ಕಡೂರಿಗೆ ಬಂದಾಗಲೆಲ್ಲ ಕಾಲು ತೊಳೆದು ನೇರವಾಗಿ ಅಡಿಗೆಮನೆಗೆ ಹೋಗುತ್ತಿದ್ದ. ‘ನೀರು ಕುಡಿದು ಬತ್ತೀನಿ’ ಎಂದು ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತಿದ್ದ. ನೀರು ಕುಡಿಯಲು ಬಾಗಿಲು ಯಾಕೆ ಮುಚ್ಚಬೇಕು ಹೇಳಿ! ಅವ್ವ ಅವನಿಗೆ ಕದ್ದು ಕೊಬ್ಬರಿ ಮಿಠಾಯಿ ಕೊಡುತ್ತಾಳೆ ಎಂಬುದು ನಮ್ಮ ಬಲವಾದ ಅನುಮಾನ. ಒಂದು ಸಲ ನಾನು ಬಾಗಿಲಿಗೆ ಕಿವಿ ಇಟ್ಟೆ. ಡಬ್ಬಿಯ ಸದ್ದಿಲ್ಲ, ಮಾತಿಲ್ಲ, ಅವ್ವನ ಬಳೆ ಒಮ್ಮೆ ಕಿಣಿ ಅಂದದ್ದು ಬಿಟ್ಟರೆ ಏನೂ ಇಲ್ಲ. ಹೊರಗೆ ಬಂದವನೇ ಮಾವ ಜಗಲಿ ಮೇಲೆ ಕೂತು ‘ಲೇ ತಂಗೀ’ ಎಂದು ಶುರು ಮಾಡುತ್ತಿದ್ದ.

ಇಂಥ ಮಾವನ ಬದುಕಿನಲ್ಲಿ ಮ್ಯೂಸಿಯಂ ಬಂತು. ನಾವು ಅಲ್ಲಿಗೆ ಹೋಗಲಿಲ್ಲ, ಅದೇ ನಾಲ್ಕು ಚಕ್ರದ ಮೇಲೆ ನಮ್ಮೂರಿಗೆ ಬಂತು! ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ತರೀಕೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ದೊಡ್ಡ ಊರಿನಿಂದ ಒಂದು ನೀಲಿ ಬಸ್ಸು ಬರುತ್ತದೆ, ಒಳಗೆ ಸೀಟಿನ ಬದಲು ಗಾಜಿನ ಪೆಟ್ಟಿಗೆಗಳು, ಒಂದು ಬದಿಗೆ ಪ್ರಾಣಿ ಪಕ್ಷಿ, ಇನ್ನೊಂದು ಬದಿಗೆ ವಿಜ್ಞಾನದ ಆಟಗಳು, ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ನಿಲ್ಲುತ್ತದೆ ಎಂದು ಶಾಲೆಗೆ ಕಾಗದ ಬಂದಿತ್ತು. ಅದರಲ್ಲಿ ‘ಮೂಳೆ, ಮರ, ಕಲ್ಲುಗಳ ವಯಸ್ಸನ್ನು ತಿಳಿಯುವ ಬಗೆ’ ಎಂಬ ಒಂದು ಸಾಲಿತ್ತು. ನಾನು ಸುಮ್ಮನಿರಲಾರದೆ ಅದನ್ನು ಮಾವನಿಗೆ ಓದಿ ಹೇಳಿದೆ.

‘ವಯಸ್ಸು ಹೇಳ್ತಾರಾ? ಬದುಕಿರೋರ್ದೂ ಹೇಳ್ತಾರಾ?’ ಎಂದ. ‘ಹಂಗಾದ್ರೆ ನಿಮ್ಮವ್ವನ್ನೂ ಕರ್ಕೊಂಡು ಬಾ. ಅವತ್ತಿಗೆ ಇತ್ಯರ್ಥ ಆಗೋಗ್ಲಿ, ನಾನು ದೊಡ್ಡೋನೋ ಅವಳು ದೊಡ್ಡೋಳೋ!’

ಕಡೂರಿನಲ್ಲಿ ಬಸ್ಸು ನಿಂತಿದ್ದ ಮೈದಾನಕ್ಕೆ ಮೂವರೂ ಹೋದೆವು. ಬಾಗಿಲಲ್ಲೇ ಮಾವ ಚಪ್ಪಲಿ ಬಿಟ್ಟ. ಅವನನ್ನು ನೋಡಿ ಹಿಂದಿನವರೂ ಬಿಟ್ಟರು. ಹೊರಗೆ ಚಪ್ಪಲಿ ರಾಶಿ ಕಂಡು ದಾರಿಯಲ್ಲಿ ಹೋಗುತ್ತಿದ್ದ ಒಬ್ಬಳು ಮುದುಕಿ ಒಳಗೆ ಬಂದು, ಹತ್ತಿ ತುಂಬಿದ ಗೂಬೆಗೆ ಕೈಮುಗಿದು ಹೋದಳು! ಎಲ್ಲವನ್ನೂ ತೋರಿಸಿ ಹೇಳಲು ಕನ್ನಡಕದ ಒಬ್ಬ ಯುವಕ ಇದ್ದರು. ಮಾವ ಅವರಿಗೆ ಕೂಡಲೇ ‘ಮ್ಯೂಸಿಯಂ ಮೇಷ್ಟ್ರು’ ಎಂದು ಹೆಸರಿಟ್ಟ. ಅವರು ನಗುತ್ತಾ ನಮಸ್ಕಾರ ಮಾಡಿದರು. ‘ಇಪ್ಪತ್ತಾರು’ ಎಂದ ಮಾವ. ಅವರು ನಗು ನಿಲ್ಲಿಸಿದರು.

ಮಾವನಿಗೆ ಎಲ್ಲವೂ ಬೇಕು. ಹಾವಿನ ಸೀಸೆಯ ಮುಂದೆ ನಿಂತು, ಹಾವನ್ನು ಉಪ್ಪಿನಕಾಯಿ ಹಾಕಿದವರು ಎಷ್ಟು ದಿನಕ್ಕೆ ನೀರು ಬದಲಿಸುತ್ತಾರೆ ಎಂದು ಕೇಳಿದ. ಕಣ್ಣಿನ ಮಾದರಿಯೊಳಗೆ ಬೊಂಬೆ ತಲೆಕೆಳಗಾಗಿ ಕಾಣುವುದನ್ನು ನೋಡಿ, ‘ನಾವೆಲ್ಲ ಹುಟ್ಟಿದಾಗಿಂದ ತಲೆಕೆಳಗೇ ನೋಡ್ತಿದೀವಾ? ಮತ್ತೆ ಎಡವಲ್ವಲ್ಲ!’ ಎಂದು ಐದು ನಿಮಿಷ ಗರಬಡಿದವನಂತೆ ನಿಂತ. ಬಸ್ಸಿನ ಚಾವಣಿಯಿಂದ ಇಳಿಬಿಟ್ಟಿದ್ದ ಒಂದು ಕೊಳವೆಗೆ ಕಣ್ಣಿಟ್ಟರೆ, ಕನ್ನಡಿಗಳ ಕೈಚಳಕದಿಂದ ಹೊರಗಿನ ಮೈದಾನ ಕಾಣುತ್ತಿತ್ತು. ಕಣ್ಣಿಟ್ಟ ಮಾವ ಕೂಗಿಕೊಂಡ: ‘ಅಯ್ಯೋ! ನನ್ನ ಚೀಲಕ್ಕೆ ದನ ಬಾಯಿ ಹಾಕೈತೆ!’ ಓಡಿಹೋಗಿ ಓಡಿಸಿ ಬಂದ. ಚೀಲದಲ್ಲಿದ್ದ ಬಾಳೆಹಣ್ಣು ಹೋಗಿತ್ತು. ಬಂದವನು ಮೇಷ್ಟರಿಗೆ, ‘ಒಳ್ಳೆ ಸಾಮಾನು ಸ್ವಾಮಿ, ಹೊಲ ಕಾಯೋಕೆ ಒಂದು ಬೇಕಿತ್ತು’ ಎಂದ. ಆಮೇಲೆ ನನ್ನ ಕಿವಿಯಲ್ಲಿ, ‘ನಾಲ್ಕು ಹಲ್ಲಿನ ಕಡಸು’ ಎಂದು ಸೇರಿಸಿದ.

ಮುಂದೆ ಮರದ ದೊಡ್ಡದೊಂದು ಅಡ್ಡ ತುಂಡು. ಒಳಗೆ ಉಂಗುರ ಉಂಗುರ. ಒಂದೊಂದು ವರ್ಷಕ್ಕೆ ಒಂದೊಂದು ಉಂಗುರ, ಎಣಿಸಿದರೆ ಮರದ ವಯಸ್ಸು ಎಂದು ಮೇಷ್ಟ್ರು ವಿವರಿಸಿದರು. ಮಾವ ಬೆರಳಿಟ್ಟು ಅರ್ಧದ ತನಕ ಎಣಿಸಿ ಕೇಳಿದ: ‘ಮನುಷ್ಯರಿಗೂ ಒಳಗೆ ಹಿಂಗೇ ಏನಾದ್ರೂ ಐತಾ ಸ್ವಾಮಿ?’

‘ಇಲ್ಲಪ್ಪ. ಇದ್ದರೂ ಕುಯ್ದು ನೋಡಬೇಕಾಗುತ್ತೆ’ ಎಂದರು.

ಮಾವ ಅವ್ವನ ಕಡೆ ನೋಡಿದ. ಅವ್ವ ಸೆರಗು ಬಿಗಿಯಾಗಿ ಹೊದ್ದುಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು!

ಕೊನೆಯ ಪೆಟ್ಟಿಗೆಯಲ್ಲಿತ್ತು ಎತ್ತಿನ ತಲೆಬುರುಡೆ. ಹಿಂದಕ್ಕೆ ಬಾಗಿದ ನೀಳವಾದ ಕೊಂಬುಗಳು, ಕೆಳದವಡೆ. ಪಕ್ಕದ ಚೀಟಿಯಲ್ಲಿ, ‘ವಯಸ್ಸು ಸುಮಾರು ನಾಲ್ಕು ವರ್ಷ.’ ನಾನು ಓದಿ ಹೇಳಿದ್ದೇ ತಡ, ಮಾವ ನೆಲದ ಮೇಲೆ ಅಂಗಾತ ಮಲಗಿಬಿಟ್ಟ! ಕಾಲುಗಳ ಮೇಲೆ ನಿಂತಿದ್ದ ಆ ಪೆಟ್ಟಿಗೆಯ ತಳವೂ ಗಾಜಿನದು, ಕೆಳಗಿನಿಂದ ಹಲ್ಲು ಕಾಣುತ್ತಿತ್ತು. ಜನ ಅವನನ್ನು ದಾಟಲಾರದೆ ಬಾಗಿಲ ತನಕ ಸಾಲು ನಿಂತರು. ‘ಮಾವ, ಏಳು, ಎಲ್ರೂ ನೋಡ್ತಿದಾರೆ’ ಎಂದು ನಾನು ಗೋಗರೆದೆ. ‘ನೋಡ್ಲಿ ಬಿಡು. ನೋಡೋಕೆ ತಾನೆ ಎಲ್ರೂ ಬಂದಿರೋದು’ ಎಂದು ಕೆಳಗಿನಿಂದಲೇ ಉತ್ತರ ಬಂತು. ಎದ್ದು ಟವಲು ಕೊಡವಿ ಹೇಳಿದ: ‘ಬಾಯಿಗೂಡಿ ಮೂರು ವರ್ಷ ಆಗೈತೆ. ಎಂಟು ವರ್ಷದ ಎತ್ತಿಗೆ ನಾಲ್ಕು ಅಂತ ಬರ್ದಿದೀರಲ್ಲ ಮೇಷ್ಟ್ರೇ, ಸತ್ತ ಮೇಲೂ ಇದನ್ನ ಯಾರಿಗೆ ಮಾರೋಕೆ ಹೊರಟಿದೀರಿ?’

ಬಸ್ಸೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. ಒಂದು ನೋಟ್‌ಬುಕ್ ತೆಗೆದು, ‘ಹೇಗೆ ಗೊತ್ತಾಗುತ್ತೆ, ಇನ್ನೊಂದ್ಸಲ ಹೇಳಿ ಯಜಮಾನ್ರೇ’ ಎಂದು ಕೇಳಿ ಬರೆದುಕೊಂಡರು. ತಮ್ಮ ಮೇಲಿನವರಿಗೆ ಕಾಗದ ಹಾಕಿ ಕೇಳುತ್ತೇನೆಂದರು. ಅಷ್ಟು ಹೊತ್ತು ಯಾರಾದರೂ ತನ್ನ ಮಾತನ್ನು ಬರೆದುಕೊಂಡದ್ದು ಮಾವನ ಜನ್ಮದಲ್ಲಿ ಅದೇ ಮೊದಲು.

ತರೀಕೆರೆಯಲ್ಲಿ ಬಸ್ಸು ನಮ್ಮ ಶಾಲೆಯ ಅಂಗಳದಲ್ಲೇ ನಿಂತಿತು. ಬೆಳಗ್ಗೆ ಬಾಗಿಲು ತೆರೆಯುವ ಮುಂಚೆ ಮಾವ ಹಾಜರ್! ಬೀರೂರಿನಲ್ಲಿ ಗಾಡಿ ಬದಲಿಸಿ ಬಂದಿದ್ದ. ‘ಕಾಗದಕ್ಕೆ ಉತ್ತರ ಬಂತಾ?’ ಬಂದಿರಲಿಲ್ಲ. ಸರಿ, ಬಂದವನು ಸುಮ್ಮನೆ ಕೂರಬೇಕಲ್ಲ? ನಮ್ಮ ಹೆಡ್‌ಮಾಸ್ಟರು ಮೆಟ್ಟಿಲ ಮೇಲೆ ನಿಂತು, ವಿಜ್ಞಾನದ ಮಹತ್ವ ಕುರಿತು ಭಾಷಣ ಶುರು ಮಾಡಿದರು. ಬಾಯಿ ದೊಡ್ಡದಾಗಿ ತೆರೆದು ಮಾತಾಡುವ ಮನುಷ್ಯ ಅವರು. ಮಾವ ಮುಂದಿನ ಸಾಲಿನಲ್ಲಿ ನಿಂತು ಕತ್ತು ಚಾಚಿದ. ಆ ಕಾಲದಲ್ಲಿ ಎಲ್ಲರಿಗೂ ಎರಡು ವಯಸ್ಸು ಇರುತ್ತಿದ್ದುದು ನಿಮಗೆ ಗೊತ್ತಲ್ಲ? ಒಂದು ಹೆತ್ತಮ್ಮನ ಲೆಕ್ಕದ್ದು, ಇನ್ನೊಂದು ಶಾಲೆಗೆ ಸೇರಿಸುವಾಗ ಮೇಷ್ಟ್ರು ತೋಚಿದಂತೆ ಬರೆದದ್ದು.

‘ನಾನು ಈ ಐವತ್ತನಾಲ್ಕನೆಯ ವಯಸ್ಸಿನಲ್ಲೂ ಕಲಿಯುತ್ತಲೇ ಇದ್ದೇನೆ’ ಎಂದರು ಹೆಡ್‌ಮಾಸ್ಟರು.

‘ಐವತ್ತೇಳು!’ ಎಂದಿತು ಮುಂದಿನ ಸಾಲು.

ಭಾಷಣ ಅಲ್ಲಿಗೆ ಮುಗಿಯಿತು. ಮೂರು ದಿನ ಅವರು ನನ್ನ ಮುಖ ನೋಡಲಿಲ್ಲ. ನಾಲ್ಕನೆಯ ದಿನ ಕೋಣೆಗೆ ಕರೆದು, ಬಾಗಿಲು ಹಾಕಿ, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೇಳಿದರು: ‘ಅಲ್ಲಮ್ಮಾ, ಅಷ್ಟು ದೂರದಿಂದ ಹೇಗೆ ಕಂಡುಹಿಡಿದ್ರು?’

ಇನ್ನು ಅಜ್ಜಂಪುರ. ಬಸ್ಸು ಬರುವ ದಿನ ಮಾವ ಊರಿಗೇ ಹಬ್ಬ ಎಂಬಂತೆ ಓಡಾಡಿದನಂತೆ. ರಜೆ ಇದ್ದುದರಿಂದ ನಾನು, ಅವ್ವ ಇಬ್ಬರೂ ಹೋಗಿದ್ದೆವು. ಒಳಗೆ ಹೋದರೆ ಮ್ಯೂಸಿಯಂ ಮೇಷ್ಟ್ರು ನಮ್ಮನ್ನೇ ಕಾಯುತ್ತಿದ್ದಾರೆ! ಮಾವನನ್ನು ಕೈಹಿಡಿದು ಕೊನೆಯ ಪೆಟ್ಟಿಗೆಯ ಹತ್ತಿರ ಕರೆದುಕೊಂಡು ಹೋದರು. ಹಳೆಯ ಚೀಟಿ ಇಲ್ಲ. ಹೊಸದಾಗಿ ದುಂಡಗೆ ಬರೆದಿದ್ದರು: ‘ಎತ್ತಿನ ತಲೆಬುರುಡೆ. ವಯಸ್ಸು ಎಂಟು ವರ್ಷ.’ ಮೇಲಿನವರೇ ಬಂದು ಪರೀಕ್ಷಿಸಿ ನೋಡಿ ಒಪ್ಪಿದ್ದರಂತೆ. ಮೇಷ್ಟ್ರು ನೆರೆದವರಿಗೆಲ್ಲ ಗಟ್ಟಿಯಾಗಿ ಹೇಳಿದರು: ‘ಇದನ್ನು ತಿದ್ದಿದವರು ನಿಮ್ಮೂರಿನ ಈ ಯಜಮಾನರು. ನಮ್ಮ ಚೀಟಿಯ ತಪ್ಪನ್ನು ಇವರ ಕಣ್ಣು ಹಿಡಿಯಿತು.’

ಮಾವನ ಸಂಭ್ರಮ ಕೇಳಬೇಕೆ? ಟವಲನ್ನು ಬಾಯಿಗೆ ಹಿಡಿಯುವುದನ್ನೂ ಮರೆತು ಬೊಚ್ಚುಬಾಯಿ ಬಿಟ್ಟು ನಕ್ಕ. ಬಂದವರಿಗೆಲ್ಲ ಚೀಟಿ ತೋರಿಸಿದ. ಓದಲು ಬರದವರಿಗೆ ನನ್ನಿಂದ ಓದಿಸಿದ. ‘ಹಲ್ಲಿನ ಮೇಲೆ ನಾನು ಆಡಿದ ಮಾತು ಸುಳ್ಳಾಗಿರೋದು ತೋರಿಸಿ ನೋಡೋಣ. ಈಗ ಮ್ಯೂಸಿಯಂನೋರೇ ಬರ್ದವ್ರೆ!’ ಎಂದು ಎದೆ ಸೆಟೆಸಿದ. ಆಮೇಲೆ, ಸುಮ್ಮನಿರಬಹುದಿತ್ತು, ಅವ್ವನ ಕಡೆ ತಿರುಗಿ, ‘ನೋಡಿದ್ಯೇನೇ ತಂಗೀ, ನಿಮ್ಮಣ್ಣ ಅಂದ್ರೆ ಏನು ಅಂತ!’ ಎಂದ.

ಅವ್ವನಿಗೆ ಎಲ್ಲಿತ್ತೋ ಆ ತುಂಟತನ. ‘ಹಂಗಾದ್ರೆ ಇಲ್ಲೇ ಆಗೋಗ್ಲಿ ತಮ್ಮಾ’ ಎಂದಳು. ‘ನಿನಗೆ ಅರವತ್ನಾಲ್ಕು. ನೀನೇ ಹಲ್ಲು ನೋಡ್ಕೊಂಡು ಎಣಿಸಿರೋದು. ಈಗ ನನ್ನ ಹಲ್ಲು ನೋಡಿ ಹೇಳು. ಮೇಷ್ಟ್ರು ಮುಂದೆ, ಊರೋರ ಮುಂದೆ. ಹಲ್ಲಿನ ಮೇಲೆ ಸುಳ್ಳು ಹೇಳಲ್ಲ ಅಲ್ವಾ ನೀನು?’

ನಾವೆಲ್ಲ ಇಷ್ಟು ವರ್ಷ ಇದನ್ನು ಯಾಕೆ ಯೋಚಿಸಲಿಲ್ಲ? ಹೆಡ್‌ಮಾಸ್ಟರ ಹಲ್ಲು, ನನ್ನ ಗಂಡನ ಹಲ್ಲು, ಸತ್ತ ಎತ್ತಿನ ಹಲ್ಲು ನೋಡಿದ ಮಾವ, ಎದುರಿಗೇ ಇದ್ದ ಅವ್ವನ ಬಾಯಿ ಒಮ್ಮೆಯೂ ನೋಡಿರಲಿಲ್ಲವಲ್ಲ! ಜನ ಹತ್ತಿರ ಹತ್ತಿರ ಸರಿದರು. ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡರು. ಮಾವನ ಮುಖದ ನಗು ಇಳಿಯಿತು.

‘ಬಸ್ಸೊಳಗೆ ಬೆಳಕು ಸಾಲದು’ ಎಂದ.

ಮೇಷ್ಟ್ರು ಟಾರ್ಚು ಕೊಟ್ಟರು.

‘ಹೆಂಗಸರ ಬಾಯಿ ಹಂಗೆಲ್ಲ ನೋಡ್ಬಾರ್ದು’ ಎಂದ.

‘ಒಡಹುಟ್ಟಿದೋಳು ಕಣೋ. ನೋಡು’ ಎಂದು ಅವ್ವ ಬಾಯಿ ತೆರೆದಳು. ಅವ್ವನಿಗೆ ಆ ವಯಸ್ಸಿನಲ್ಲೂ ಮುಕ್ಕಾಲು ಹಲ್ಲು ಗಟ್ಟಿಯಾಗಿದ್ದವು. ಮಾವ ಟಾರ್ಚು ಹಿಡಿದು ನೋಡಿದ. ಎತ್ತಿಗೆ ಒಂದು ಗಳಿಗೆಯಷ್ಟೇ ತೆಗೆದುಕೊಳ್ಳುತ್ತಿದ್ದವನು ಅವತ್ತು ಎಷ್ಟು ಹೊತ್ತು ನೋಡಿದ! ಕೊನೆಗೆ ಟಾರ್ಚು ಆರಿಸಿ, ಯಾರ ಮುಖವನ್ನೂ ನೋಡದೆ, ಗಂಟಲು ಸರಿಮಾಡಿಕೊಂಡು ಹೇಳಿದ:

‘ಅರವತ್ತೆರಡು. ನನಗಿಂತ ಎರಡು ವರ್ಷಕ್ಕೆ ಸಣ್ಣೋಳು.’

‘ಹೋ!’ ಎಂದು ಜನ ಚಪ್ಪಾಳೆ ತಟ್ಟಿದರು. ‘ಅಂತೂ ಕೇಸು ಮುಗೀತು!’ ಎಂದು ಮೇಷ್ಟ್ರು ನಕ್ಕರು. ಅವ್ವ ಬಾಯಿ ಮುಚ್ಚಿದಳು. ನನಗೆ ಬಹಳ ಬೇಜಾರಾಯಿತು, ನಾನು ಅವ್ವನ ಪಕ್ಷ ತಾನೆ! ಆದರೆ ಗೆದ್ದ ಮಾವ ಟವಲು ಕೊಡವಲಿಲ್ಲ. ತನ್ನ ಚೀಟಿಯನ್ನು ಇನ್ನೊಂದು ಸಲವೂ ನೋಡದೆ, ಚಪ್ಪಲಿ ಹುಡುಕಿಕೊಂಡು ಇಳಿದುಹೋದ.

ಸಂಜೆ ಮಾವನ ಮನೆ. ಅತ್ತೆ ಹಿತ್ತಲಲ್ಲಿ ಬಟ್ಟೆ ಎತ್ತುತ್ತಿದ್ದಳು. ಅವ್ವ ಅಡಿಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ‘ನೀರು ಕುಡಿದು ಬತ್ತೀನಿ’ ಎಂದು ಮಾವ ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ಅವನ ಮನೆಯ ಬಾಗಿಲು ನಮ್ಮ ಮನೆಯದಲ್ಲ, ಒಂದು ಬೆರಳು ಸಂದು ಬಿಟ್ಟೇ ನಿಲ್ಲುತ್ತದೆ. ನಾನು ಜಗಲಿಯಿಂದ ಎದ್ದು ಬಂದದ್ದು ಮಾವ ಯಾಕೆ ಸಪ್ಪಗಿದ್ದಾನೆಂದು ಕೇಳಲು. ಸಂದಿಯಲ್ಲಿ ಕಂಡದ್ದನ್ನು ನೋಡಿ ಅಲ್ಲೇ ನಿಂತೆ.

ಮಾವ ಅವ್ವನ ಎರಡೂ ಪಾದ ಹಿಡಿದು, ಹಣೆ ಹಚ್ಚಿ ಬಾಗಿದ್ದ.

‘ತಪ್ಪಾಯ್ತು ಕಣಕ್ಕಾ’ ಎಂದ. ‘ಹಲ್ಲಿನ ಮೇಲೆ ಸುಳ್ಳು ಹೇಳ್ಬಿಟ್ಟೆ. ಅರವತ್ತಾರು ಇತ್ತು.’

ಅಕ್ಕಾ! ಮಾವನ ಬಾಯಲ್ಲಿ ಆ ಮಾತು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಅವ್ವ ಅವನ ತಲೆಯ ಮೇಲೆ ಕೈ ಇಟ್ಟಳು. ಬಳೆ ಒಮ್ಮೆ ಕಿಣಿ ಅಂದಿತು. ‘ನೋಡಿ ಬೇರೆ ಹೇಳ್ಬೇಕಿತ್ತಾ? ಆವತ್ತು ನನ್ನ ಸೊಂಟದ ಮೇಲೆ ಕೂತಿದ್ದು ನಿನಗೆ ನೆನಪಿಲ್ವಾ?’ ಎಂದಳು.

‘ಐತೆ. ನಿನ್ನ ಸೊಂಟದ ಡಾಬು ಚುಚ್ತಿತ್ತು. ಅಳ್ತಿದ್ದೆ.’

‘ಮತ್ತೆ? ಏಳೋ ತಮ್ಮಾ. ನಾನೇ ಹಂಗೆ ಎಲ್ರ ಮುಂದೆ ಕೇಳ್ಬಾರ್ದಿತ್ತು. ಹಲ್ಲೇ ಇಲ್ದಿರೋ ಬಾಯಲ್ಲಿ ಒಂದು ಸುಳ್ಳು ಬಂತು, ಆಗೋಯ್ತು ಬಿಡು.’

ಮಾವ ಕಣ್ಣು ಒರೆಸಿಕೊಂಡು ನಕ್ಕ. ನಾನು ಸದ್ದಾಗದಂತೆ ಜಗಲಿಗೆ ಬಂದು ಕೂತೆ. ಕಡೂರಿನ ಮನೆಯ ಮುಚ್ಚಿದ ಬಾಗಿಲು, ಅಷ್ಟು ವರ್ಷಗಳ ನೀರು ಕುಡಿಯುವಿಕೆ, ಎಲ್ಲ ಒಟ್ಟಿಗೆ ನೆನಪಾಯಿತು. ಸ್ವಲ್ಪ ಹೊತ್ತಿಗೆ ಮಾವ ಹೊರಗೆ ಬಂದು, ‘ಲೇ ತಂಗೀ, ಅವರೆಕಾಳಿಗೆ ಉಪ್ಪು ಕಮ್ಮಿ ಹಾಕು!’ ಎಂದು ಕೇರಿಗೆಲ್ಲ ಕೇಳುವಂತೆ ಕೂಗಿದ.

ಮರುದಿನ ಬೆಳಗ್ಗೆ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುವಾಗ, ಮಾವ ಎಳನೀರು ತರಲು ಹೋಗಿದ್ದ. ನಾನು ಕಂಡದ್ದನ್ನು ಅವ್ವನಿಗೆ ಹೇಳಿಬಿಟ್ಟೆ.

‘ಆಗ ಅವನಿಗೆ ಹದಿಮೂರು ಕಣೇ’ ಎಂದಳು. ‘ನನ್ನ ಮದುವೇಲಿ. ಹೆಣ್ಣಿಗೆ ತವರಿಲ್ಲ ಅಂತ ಬೀಗರು ಎದ್ದು ಹೋಗೋಕೆ ಹೊರಟಿದ್ರು. ಇವನು ಯಾರ್ದೋ ದೊಡ್ಡ ಪಂಚೆ ಉಟ್ಕೊಂಡು ಬಂದು, ನಾನು ಅಣ್ಣ ಅಂತ ನಿಂತ. ಅವತ್ತಿಂದ ಆ ಅಣ್ಣನ ಪಟ್ಟದಿಂದ ಇಳಿಲೇ ಇಲ್ಲ ನೋಡು. ಬೀಗರು ಸತ್ತು ಎಷ್ಟು ಕಾಲ ಆಯ್ತು, ಆದ್ರೂ ಇಳಿಲಿಲ್ಲ.’

‘ಮತ್ತೆ ನೀನ್ಯಾಕವ್ವ ತಮ್ಮ ತಮ್ಮ ಅಂತ ಜಗಳ ಆಡ್ತಿದ್ದೆ?’

‘ಆಡ್ಲಿಲ್ಲ ಅಂದ್ರೆ ಅವನು ಬರ್ತಿದ್ನಾ ಅಷ್ಟು ದೂರ, ತಿಂಗಳು ತಿಂಗಳೂ?’

ಗಾಡಿ ಬಂತು. ಮಾವ ಎಳನೀರು ಕೊಟ್ಟು, ನಮ್ಮನ್ನು ಹತ್ತಿಸಿ, ಕಿಟಕಿಯ ಹೊರಗೆ ನಿಂತು ಎಂದಿನ ಅಧಿಕಾರ ಶುರು ಮಾಡಿದ. ‘ಲೇ ತಂಗೀ, ಕಿಟಕಿಯಿಂದ ಕೈ ಆಚೆ ಇಡಬ್ಯಾಡ. ಬೀರೂರಲ್ಲಿ ಇಳಿಯೋವಾಗ ಗಂಟು ಮರೀಬ್ಯಾಡ. ಬರೋ ಸೋಮವಾರ ಬತ್ತೀನಿ, ಕೇಳಿಸ್ತೇನೇ?’ ಗಾಡಿ ಹೊರಟರೂ ಹೇಳುತ್ತಾ ಜೊತೆಯಲ್ಲೇ ನಡೆಯುತ್ತಿದ್ದ. ಸುತ್ತ ಅವನ ಊರಿನವರು ಹತ್ತಾರು ಮಂದಿ ಇದ್ದರು. ‘ಹೋಗೋ ತಮ್ಮಾ, ಸಾಕು’ ಎಂಬ ಅವ್ವನ ಉತ್ತರಕ್ಕೆ ನಾನು ಕಾದೆ.

ಅವ್ವ ಕಿಟಕಿಗೆ ಮುಖ ತಂದು, ಎಲ್ಲರಿಗೂ ಕೇಳುವಂತೆ ಹೇಳಿದಳು:

‘ಆಗ್ಲಿ ಕಣಣ್ಣಾ. ಬಾ.’

ಮಾವ ನಡೆಯುವುದನ್ನು ನಿಲ್ಲಿಸಿದ. ಟವಲಿನ ತುದಿ ಬಾಯಿಗೆ ಹೋಯಿತು, ಆಮೇಲೆ ಕಣ್ಣಿಗೆ. ಗಾಡಿ ತಿರುವು ದಾಟುವ ತನಕ ಅವನು ಅಲ್ಲೇ ನಿಂತಿದ್ದ.